ಹಳದಿ ಅಕ್ಷರ ಮೂಡಿದ ಮೇಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ ಮುಖ್ಯ ಬೋಧಕರೇ, ಉಳಿದ ಬೋಧಕರೇ, ಹಾರಾಟ ಕಲಿಯುತ್ತಿರುವ ಮಕ್ಕಳೇ, ಊಟದ ಕೋಣೆಯ ಕಡೆಗೇ ಕುತ್ತಿಗೆ ತಿರುಗಿಸಿಕೊಂಡಿರುವ ಸಭಿಕರೇ,

ಈ ವಿಮಾನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಸ ಗುಡಿಸಿ, ಕಪ್ಪುಹಲಗೆ ಒರೆಸಿದ ನನಗೆ ಇಂದು ಬೀಳ್ಕೊಡುಗೆ. ಅಜ್ಜಿ ಎರಡು ಮಾತು ಆಡುತ್ತಾರೆ ಎಂದು ನಿರೂಪಕರು ಹೇಳಿದರು. ಎರಡೇ ಮಾತಿಗೆ ಮುಗಿಸುವವಳು ನಾನಲ್ಲ ಎಂಬುದು ಇಲ್ಲಿನ ಗೋಡೆಗಳಿಗೂ ಗೊತ್ತು. ನಾನು ಹಳ್ಳಿಯಲ್ಲಿ ಮೂರನೆಯ ತರಗತಿಯವರೆಗೆ ಓದಿದವಳು. ಆಡಬೇಕಾದ್ದನ್ನು ಬರೆದುಕೊಂಡು ಬಂದಿದ್ದೇನೆ. ಅಕ್ಷರ ದಪ್ಪವಾಗಿರುವುದರಿಂದ ಹಾಳೆ ಹೆಚ್ಚು ಕಾಣುತ್ತಿವೆ, ಗಾಬರಿಯಾಗಬೇಡಿ.

ನನ್ನ ಶ್ರದ್ಧೆಯನ್ನು ಎಲ್ಲರೂ ಹೊಗಳಿದಿರಿ. ಶ್ರದ್ಧೆ ಏನು ಬಂತು? ಹಲಗೆ ಒರೆಸುವವಳಿಗೆ ಒಂದು ಅನುಕೂಲವಿದೆ, ಒರೆಸುವ ಮುಂಚೆ ಓದಬಹುದು. ಇಪ್ಪತ್ತಾರು ವರ್ಷ ನಾನು ಓದಿ ಓದಿ ಒರೆಸಿದ್ದೇನೆ. ಅರ್ಥವಾಗದ್ದನ್ನು ಮೊಮ್ಮಗಳನ್ನು ಕೇಳುತ್ತಿದ್ದೆ. ತಾಯಿಯಿಲ್ಲದ ಆ ಹುಡುಗಿಯನ್ನು ಬೆಳೆಸಿದವಳು ನಾನು. ನೌಕರರ ಮನೆಯವರಿಗೆಂದು ಇಟ್ಟಿದ್ದ ಒಂದೇ ಸೀಟಿನಲ್ಲಿ ಅವಳು ಇಲ್ಲಿಗೇ ಕಲಿಯಲು ಬಂದಳು.

ಒಂದು ದಿನ ಹಲಗೆಯ ಮೇಲೆ ಎರಡು ಪದ ಇದ್ದವು. ಆರ್‌ನ್ಯಾವ್, ಆರ್‌ಎನ್‌ಪಿ. ಎರಡರ ಸುತ್ತಲೂ ಚೌಕ. ರೊಟ್ಟಿ ಬೇಯಿಸುತ್ತ ಕೇಳಿದೆ, “ಏನೇ ಅದು, ಎರಡಕ್ಕೂ ಏನು ವ್ಯತ್ಯಾಸ?”

“ಅಜ್ಜಿ, ವಿಮಾನ ದಾರಿ ಹಿಡಿಯೋ ಎರಡು ರೀತಿ ಅವು. ದಾರಿ ಗೊತ್ತಿರೋ ಡ್ರೈವರ್ ಇದಾನೆ ಅಂದ್ಕೋ. ಹೇಳಿದ ಗೆರೆ ಮೇಲೇ ಕರ್ಕೊಂಡು ಹೋಗ್ತಾನೆ. ಅದು ಆರ್‌ನ್ಯಾವ್. ಇನ್ನೊಬ್ಬ ಡ್ರೈವರ್‌ಗೂ ದಾರಿ ಗೊತ್ತು. ಆದ್ರೆ ತಾನು ಗೆರೆ ಮೇಲೆ ಇದೀನೋ ಇಲ್ವೋ ಅಂತ ತನ್ನನ್ನೇ ನೋಡ್ಕೋತಾ ಇರ್ತಾನೆ. ಅನುಮಾನ ಬಂದ ತಕ್ಷಣ, ‘ನನ್ನನ್ನ ನಂಬಬೇಡಿ, ನನ್ ಕೈಲಿ ಆಗ್ತಿಲ್ಲ’ ಅಂತ ತಾನೇ ಬಾಯಿಬಿಟ್ಟು ಹೇಳ್ತಾನೆ. ಅದು ಆರ್‌ಎನ್‌ಪಿ.”

“ಅಂಥ ಗಂಡಸನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣೆ. ನಿಮ್ ತಾತ ದಾರಿ ತಪ್ಪಿದ್ರೆ ಊರೇ ಜಾಗ ಬದಲಾಯಿಸಿದೆ ಅಂತಿದ್ರು.”

“ಅದಕ್ಕೇ ಅಜ್ಜಿ, ಗಂಡಸರನ್ನ ನಂಬದೆ ಯಂತ್ರಕ್ಕೆ ಕಲಿಸಿದಾರೆ” ಎಂದು ನಕ್ಕಳು.

ನೀವೂ ನಗುತ್ತಿದ್ದೀರಿ. ನಗಿ. ಆರ್‌ಎನ್‌ಪಿ ಪಕ್ಕದಲ್ಲಿ ಒಂದು ಎಂದು ಬರೆದಿದ್ದರೆ ಗೆರೆಯ ಆಚೆಗೊಂದು ಮೈಲಿ, ಈಚೆಗೊಂದು ಮೈಲಿ. ನೂರರಲ್ಲಿ ತೊಂಬತ್ತೈದು ಪಾಲು ಹೊತ್ತು ಅಷ್ಟರೊಳಗೇ ಇರಬೇಕು. ನೆಲಕ್ಕೆ ಹತ್ತಿರವಾದಂತೆ ಇನ್ನೂ ಬಿಗಿ, ಮೈಲಿಯ ಹತ್ತರಲ್ಲಿ ಮೂರು ಪಾಲು. ಮೋಡದೊಳಗೆ ಕಣ್ಣು ಕೆಲಸ ಮಾಡುವುದಿಲ್ಲವಲ್ಲ, ದಾರಿ ತೋರಿಸುವ ಆ ಯಂತ್ರದ ಮಾತೇ ಗತಿ. ಅದು ‘ಆಗದು’ ಎಂದು ಪರದೆಯ ಮೇಲೆ ಹಳದಿ ಅಕ್ಷರ ತೋರಿಸಿದರೆ, ರನ್‌ವೇ ಕಣ್ಣಿಗೆ ಬಿದ್ದಿಲ್ಲದಿದ್ದರೆ, ಇಳಿಯಬಾರದು. ಮೇಲಕ್ಕೆ ಹೋಗಬೇಕು. ಇದನ್ನು ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದವರು ಯಾರು? ನಮ್ಮ ಮುಖ್ಯ ಬೋಧಕರೇ. ಒರೆಸಿದವಳು ನಾನೇ.

ಆ ಪಾಠದ ಮರುವಾರ ಮೊಮ್ಮಗಳ ಪರೀಕ್ಷೆಯ ಹಾರಾಟ. ಎಡಕ್ಕೆ ಅವಳು, ಬಲಕ್ಕೆ ಮುಖ್ಯ ಬೋಧಕರು, ಹೊರಗೆ ಹಾಲಿನಂಥ ಮೋಡ. ಇಳಿಯಲು ನಾಲ್ಕು ಮೈಲಿ ಇದ್ದಾಗ ಹಳದಿ ಅಕ್ಷರ ಮೂಡಿತು.

“ಅದು ಹಾಗೇ. ಬರುತ್ತೆ, ಹೋಗುತ್ತೆ. ಇಳಿಸು” ಎಂದರಂತೆ ಇವರು.

“ಸರ್, ರನ್‌ವೇ ಕಾಣ್ತಿಲ್ಲ.”

“ನಾನಿದೀನಲ್ಲ. ಇಳಿಸು ಅಂದೆ.”

ಅವಳು ಇಳಿಸಲಿಲ್ಲ. ಮೇಲಕ್ಕೆತ್ತಿದಳು. ಮೇಲೆ ಹೋಗುವಷ್ಟರಲ್ಲಿ ಆ ಅಕ್ಷರ ಅಳಿಸಿಹೋಗಿತ್ತು. ಇವರ ಹಿಂದೆ ಬಂದ ಇನ್ನೊಂದು ವಿಮಾನ ಅದೇ ರನ್‌ವೇಯಲ್ಲಿ ಆರಾಮಾಗಿ ಇಳಿಯಿತು. ಪರೀಕ್ಷೆಯಲ್ಲಿ ಅವಳು ಫೇಲ್ ಎಂದರು. ಸಾಯಂಕಾಲದ ಹೊತ್ತಿಗೆ ಶಾಲೆಯಲ್ಲೆಲ್ಲ ಅವಳಿಗೆ ಅಡ್ಡಹೆಸರು ಬಿತ್ತು, ‘ಹಳದಿ ರಾಣಿ’. ಹಿಂದಿನವರು ಇಳಿದರು, ನಿಜ. ಅವರ ಯಂತ್ರ ಅವರಿಗೆ ಆಗದು ಎಂದಿತ್ತೇ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಇಷ್ಟು ಓದಿದವರು ತುಂಬಿರುವ ಕಟ್ಟಡದಲ್ಲಿ ಒಬ್ಬರೂ ಕೇಳಲಿಲ್ಲ.

ನಾನೂ ಕೇಳಲಿಲ್ಲ.

ಮಾರನೆಯ ದಿನ ಮುಖ್ಯ ಬೋಧಕರು ನನ್ನನ್ನು ಕೋಣೆಗೆ ಕರೆದರು. ಮೊದಲ ಸಲ ಕುರ್ಚಿ ತೋರಿಸಿದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. “ನೋಡಿ ಅಜ್ಜಿ, ಹೆದರಿ ಮೇಲಕ್ಕೆತ್ತಿದೆ, ಬೋಧಕರ ಮಾತು ಕೇಳದೆ ತಪ್ಪು ಮಾಡಿದೆ ಅಂತ ನಿಮ್ಮ ಮೊಮ್ಮಗಳು ಒಂದು ಕಾಗದ ಬರೆದುಕೊಡಲಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಕೊಡಿಸ್ತೀನಿ. ನಿಮ್ಮ ಕೆಲಸಕ್ಕೂ ಇನ್ನೂ ಎರಡು ವರ್ಷ ಇದೆ, ಅಲ್ವಾ?”

ಕೊನೆಯ ಮಾತನ್ನು ಎಷ್ಟು ಮೆತ್ತಗೆ ಹೇಳಿದರು ನೋಡಿ.

ಮನೆಗೆ ಹೋಗಿ ಅವಳ ಮುಂದೆ ಹಾಳೆ ಇಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ. “ನೀನು ಹೇಳಜ್ಜಿ, ನಾನು ಹೆದರಿದ್ನಾ?” ಎಂದಳು. ನಾನು ಹೇಳಿದ್ದಿಷ್ಟು, “ಕಾಗದ ತಾನೆ, ಬರೆದು ಬಿಸಾಕು. ನಿನ್ನ ಹಟಕ್ಕೆ ನಾನು ಈ ವಯಸ್ಸಲ್ಲಿ ಬೀದಿಗೆ ಬೀಳ್ಲಾ? ಸಾಕಿದ್ದಕ್ಕೆ ಇದೇ ಏನೇ ನೀನು ಮಾಡೋದು?”

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು, ಇರಲಿ.

ಅವಳು ಬರೆದಳು. ಮೂರು ತಿಂಗಳಾದ ಮೇಲೆ ಪರೀಕ್ಷೆ ಕೇಳಲು ಹೋದಾಗ ಇವರೇನೆಂದರು? “ಹೆದರ್ತೀನಿ ಅಂತ ನೀನೇ ಬರೆದುಕೊಟ್ಟಿದೀಯಲ್ಲಮ್ಮ, ನಿಯಮ ಒಪ್ಪಲ್ಲ.” ಬೇರೆ ಶಾಲೆಗಳಿಗೂ ಆ ಕಡತವೇ ಮುಂದಾಗಿ ಹೋಯಿತು. ಈಗ ಅವಳು ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಇಪ್ಪತ್ತೆಂಟು ದಿನಕ್ಕೊಮ್ಮೆ ಹಳೆಯ ನಕ್ಷೆಗಳನ್ನು ತೆಗೆದು ಹೊಸವನ್ನು ಜೋಡಿಸುತ್ತಾಳೆ. ಬೇರೆಯವರು ಹಾರುವ ದಾರಿಗಳವು. ಒಂದೇ ಮನೆಯಲ್ಲಿ ಇದ್ದೇವೆ. ಅಂದಿನಿಂದ ಅವಳು ನನ್ನನ್ನು ಏನನ್ನೂ ಕೇಳಿಲ್ಲ. ಊಟದ ನಡುವೆ ಉಪ್ಪು ಬೇಕಾದರೂ ತಾನೇ ಎದ್ದು ಹೋಗಿ ತರುತ್ತಾಳೆ.

ಇವತ್ತು ಸಭೆಗೆ ಬಾ ಎಂದೆ. ಕೆಲಸವಿದೆ ಎಂದಳು. ಮೈಕು ಜೋರಾಗಿದೆ, ಕೆಳಗೂ ಕೇಳುತ್ತಿರಬೇಕು.

ಮುಖ್ಯ ಬೋಧಕರೇ, ನೆಲ ನೋಡಬೇಡಿ, ಅದನ್ನು ಬೆಳಿಗ್ಗೆಯೇ ಒರೆಸಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸಾಯುವವರೆಗೂ ಇರುತ್ತದೆ. ಆದರೆ ನೀವು ಪರರು. ಆ ಕಾಗದವನ್ನು ವಾಪಸು ಕೊಡಿ ಎಂದು ಬೆಳಿಗ್ಗೆ ಕಚೇರಿಯಲ್ಲಿ ಕೇಳಿದೆ. ಕಡತಕ್ಕೆ ಹೋದದ್ದನ್ನು ತೆಗೆಯಲು ಬರುವುದಿಲ್ಲ, ಸೇರಿಸಲು ಮಾತ್ರ ಬರುತ್ತದೆ ಎಂದರು. ಒಳ್ಳೆಯದು. ಅಧ್ಯಕ್ಷರೇ, ಸೇರಿಸಲು ಒಂದು ಕಾಗದ ತಂದಿದ್ದೇನೆ. ನಾನೇ ಬರೆದದ್ದು, ಓದುತ್ತೇನೆ.

“ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳು ಕೊಟ್ಟ ಕಾಗದ ಸುಳ್ಳು. ಅದನ್ನು ಬಲವಂತದಿಂದ ಬರೆಸಿದವಳು ನಾನು. ಯಂತ್ರ ಆಗದು ಎಂದಿತು, ಅವಳು ಕಲಿಸಿದ ಹಾಗೆ ಮಾಡಿದಳು. ಅವಳು ಹೆದರಿರಲಿಲ್ಲ. ಹೆದರಿದವಳು ನಾನು, ನೆಲದ ಮೇಲೆ ನಿಂತುಕೊಂಡು.”

ಕೆಳಗೆ ನನ್ನ ಸಹಿ ಇದೆ. ಕಚೇರಿಯವರು ಮೊಹರು ತಂದು, ಈ ಸಭೆಯ ಎದುರಿಗೇ ಒತ್ತಿ, ಅವಳ ಕಾಗದದ ಮೇಲೆ ಇದನ್ನು ಇಡಬೇಕು. ಅಲ್ಲಿಯವರೆಗೆ ನಾನು ಈ ವೇದಿಕೆ ಇಳಿಯುವುದಿಲ್ಲ. ಇಷ್ಟು ಹೊತ್ತು ಕಹಿ ನುಂಗಿಕೊಂಡು ಕೂತಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನಮಸ್ಕಾರ.