ಹೊಂಬಾಳಮ್ಮನ ವ್ಯಾನಿನ ಫ್ರಿಜ್ಜು

ಮದ್ದೂರಿನಲ್ಲಿ ಕೊಪ್ಪದ ಬಸ್ಸಿಗೆ ಕಾಯುತ್ತಿದ್ದ ವೀಣಳಿಗೆ ಪಕ್ಕದ ರಿಪೇರಿ ಅಂಗಡಿಯ ಮಾತು ಕೇಳಿಸಿತು. ಮಂಚ, ಒಲೆ ಎಲ್ಲ ಇದ್ದ ಹಳೇ ವ್ಯಾನಿನೊಳಗೆ ಮೆಕ್ಯಾನಿಕ್ ಅಸದುಲ್ಲಾ ಇದ್ದ, ಬಾಗಿಲಲ್ಲಿ ಅದರ ಒಡತಿ ಹೊಂಬಾಳಮ್ಮ.

“ಏಸಿ, ಫ್ರಿಜ್ಜು ಎರಡಕ್ಕೂ ವಯಸ್ಸಾಯ್ತು ಕಣಮ್ಮ. ದಾರೀಲಿ ಫ್ರಿಜ್ಜು ಕೈಕೊಟ್ರೆ ನಿಮ್ ಇನ್ಸುಲಿನ್ ಗತಿ ಏನು?”

“ನನ್ ಮಗ್ಳೂ ಇದನ್ನೇ ಹೇಳಿ, ಮನೇಲಿ ಕೂತ್ಕೊ ಅಂದ್ಲು. ಎಲ್ಲಿ ಕೈಕೊಡ್ತದೆ ತೋರ್ಸು, ನಾನೇ ಸರಿ ಮಾಡ್ಕತೀನಿ.”

“ನೀವಾ?”

“ಗದ್ದೆ ಪಂಪು ಬಿಚ್ಚಿ ಜೋಡ್ಸಿರೋ ಕೈ ಕಣಪ್ಪ ಇದು.”

ಅಸದುಲ್ಲಾ ಫ್ರಿಜ್ಜಿನ ಹಿಂಬದಿ ತೋರಿಸಿ ಸ್ಕ್ರೂಡ್ರೈವರ್ ಕೊಟ್ಟ. ಹೊಂಬಾಳಮ್ಮ ಹಿಂದಿನ ಜಾಲರಿ ಬಿಚ್ಚಿ, ಕಟ್ಟಿಕೊಂಡಿದ್ದ ಧೂಳನ್ನೆಲ್ಲ ಉಜ್ಜಿ ತೆಗೆದರು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಮೊದಲಿಗಿಂತ ಚೆನ್ನಾಗಿ ತಣ್ಣಗಾಗತೊಡಗಿತು.

“ಏಸಿಗೂ ಇಷ್ಟೇಯ. ಗ್ಯಾಸ್ ಸೋರಿದ್ರೆ ಮಾತ್ರ ನನ್ ತಾವ ಬನ್ನಿ.”

“ನಾನು ಬರ್ದೇ ಇದ್ರೆ, ಊರೂರು ಚೆನ್ನಾಗಿ ತಿರುಗ್ತಾವ್ಳೆ ಅನ್ಕೊ.”

ವೀಣ ನೋಡುತ್ತಿದ್ದಂತೆ ವ್ಯಾನು ಮಳವಳ್ಳಿ ದಾರಿ ಹಿಡಿಯಿತು.