ತೋರುಬೆರಳೋ ಹೆಬ್ಬೆರಳೋ

ವಿಸ್ಕಾನ್ಸಿನ್‌ನ ನಮ್ಮೂರಿನಲ್ಲಿ ಬಿಲ್ಲಿನ ಜಿಂಕೆ ಬೇಟೆ ಶುರುವಾಗಲು ಇನ್ನೊಂದು ವಾರವಿತ್ತು. ಬಿಲ್ಲಂಗಡಿಯ ಸಾಲಿನಲ್ಲಿ ನನ್ನ ಮುಂದೆ ಬಡಗಿ ಆರ್ಲನ್ ಮತ್ತು ಅವನ ಅಕ್ಕ ಲವರ್ನ್ ನಿಂತಿದ್ದರು. ಆರ್ಲನ್ ಕೈಯಲ್ಲಿ ಹೆದೆ ಎಳೆದು ಬಿಡುವ ಎರಡು ಕೊಂಡಿಗಳಿದ್ದವು. ಒಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ತೋರುಬೆರಳಿನಿಂದ ಒತ್ತಬೇಕು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ.

“ತೋರುಬೆರಳಿಂದೇ ಸಾಕಕ್ಕ. ಕೈಗೆ ಕಟ್ಟಿರುತ್ತೆ, ಮರದ ಮೇಲೆ ಕಾದು ಕೂತಾಗ ಕೆಳಗೆ ಬೀಳಲ್ಲ.”

“ಹೋದ್ವರ್ಷನೂ ಕೈಗೇ ಕಟ್ಟಿತ್ತಲ್ಲ.”

“ಜಿಂಕೆ ಕಂಡಿದ್ದೇ ತಡ, ಬೆರಳು ತಾನಾಗೇ ಒತ್ತಿಬಿಡ್ತು.”

“ಪಾಪ, ಹೊಟ್ಟೆಗೆ ಬಿತ್ತು ಬಾಣ. ಜೌಗಲ್ಲೆಲ್ಲ ರಕ್ತದ ಜಾಡು ಹಿಡಿದು ಅಲೆದ್ರೂ ಸಿಗ್ಲಿಲ್ಲ.”

“ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಬ್ಬೆರಳಿಂದು ತಗೊಂಡ್ರೆ ಸರಿಹೋಗುತ್ತಾ?”

“ತಗೊಂಡ ಮಾತ್ರಕ್ಕೆ ಸರಿಹೋಗಲ್ಲ. ಹೆಬ್ಬೆರಳು ಒತ್ತದೆ ಸುಮ್ನಿಟ್ಟು ಬೆನ್ನಿನ ಬಲದಿಂದ ಎಳೀಬೇಕು. ಬಾಣ ಯಾವಾಗ ಹೊರಡುತ್ತೋ ನಿಂಗೇ ಗೊತ್ತಾಗಬಾರ್ದು. ಅದು ಕೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕು.”

“ವಾರಕ್ಕೇ ಬೇಟೆ ಶುರು.”

“ಆಗ್ಲಿ ಬಿಡು. ಜಿಂಕೆಗಳೇನೂ ನಿನ್ನ ದಾರಿ ಕಾಯ್ತಾ ಕೂತಿಲ್ಲ.”

ಆರ್ಲನ್ ಹೆಬ್ಬೆರಳಿನ ಕೊಂಡಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ.

“ಹಾಗಾದ್ರೆ ಈ ವರ್ಷ ನೀನೊಬ್ಳೇ ಹೋಗು. ಹೊಡೆದದ್ದನ್ನ ಎಳ್ಕೊಂಡು ಬರೋಕೆ ನಾನ್ ಬರ್ತೀನಿ.”

“ಚರ್ಮ ಸುಲಿಯೋದೂ ನಿಂದೇ. ನಿನ್ನ ಬಿಲ್ಲೆಲ್ಲಿದೆ?”

“ಆವತ್ತು ಅಟ್ಟಕ್ಕೆ ಹಾಕಿದ್ದು, ಮುಟ್ಟಿಲ್ಲ.”

“ನಡಿ, ಇಳಿಸಿ ಇವತ್ತಿಂದ್ಲೇ ಅಭ್ಯಾಸ ಶುರು ಮಾಡು. ಏಣಿ ನಾನ್ ಹಿಡ್ಕೋತೀನಿ.”

ಆರ್ಲನ್ ತೋರುಬೆರಳಿನದನ್ನು ಅಂಗಡಿ ಗೋಡೆಯ ಮೊಳೆಗೆ ತಗುಲಿಹಾಕಿ, ಇನ್ನೊಂದನ್ನು ಕೊಂಡುಕೊಂಡು ಅಕ್ಕನ ಹಿಂದೆ ಹೊರಟ.