ಚಾನೆಲ್ ಖಾಲಿ ಇದೆಯಾ?

ಇದು ಮಾದಾಪುರದಲ್ಲಿ, ನಮ್ಮ ಚಿಕ್ಕಮ್ಮನ ಮಗಳು ಸುಮಿತ್ರಮ್ಮನಿಗೆ ಆದದ್ದು. ಹೋದ ವರ್ಷ, ಕಾಫಿ ಹಣ್ಣಿನ ಪಿಕಿಂಗ್ ಮುಗಿಯುತ್ತಿದ್ದ ದಿನಗಳಲ್ಲಿ.

ಸಂಜೆ ಏಳಾಗಿತ್ತು. ಪಕ್ಕದ ತೋಟದ ರೇವಣ್ಣನ ಮನೆಯಿಂದ ಒಬ್ಬಳೇ ಬರುತ್ತಿದ್ದಳು. ಕೈಯಲ್ಲಿ ವಾಕಿ-ಟಾಕಿ. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆನೆ ಬಂದರೆ ಐದು ತೋಟಗಳಿಗೂ ಸುದ್ದಿ ಮುಟ್ಟಲಿ ಎಂದು ಅವಳೇ ದೆಹಲಿಗೆ ಬರೆದು ಬರೆದು ಒಂದು ತರಂಗಾಂತರಕ್ಕೆ ಲೈಸೆನ್ಸ್ ತರಿಸಿದ್ದಳು. ನಿಯಮವನ್ನೂ ಅವಳೇ ಎಲ್ಲರಿಗೂ ಕಲಿಸಿದ್ದಳು: ಮಾತಾಡುವ ಮೊದಲು ಚಾನೆಲ್ ಖಾಲಿ ಇದೆಯೇ ಎಂದು ಕೇಳಬೇಕು. ಯಾರಾದರೂ ಇದ್ದರೆ ಕಾಯಬೇಕು.

ಆ ನಿಯಮವೇ ಮುಳುವಾಗಿತ್ತು. ಹಿಂದಿನ ಎರಡು ರಾತ್ರಿ ಯಾರೋ ಹೆಂಗಸು "ಖಾಲಿ ಇಲ್ಲ" ಎಂದಿದ್ದಳು. ಸುಮಿತ್ರಮ್ಮ ಮರ್ಯಾದೆಯಿಂದ ಕಾದಿದ್ದಳು. ಎರಡನೆಯ ರಾತ್ರಿ ಸುದ್ದಿ ಮುಟ್ಟದೆ, ಆನೆ ಬಂದು ಆಳುಗಳು ಇರುವ ಲೈನ್ ಮನೆಯ ಗೋಡೆ ಕೆಡವಿತ್ತು. ಕೆಲಸದ ಮುತ್ತಿಯ ಮಗು ಸ್ವಲ್ಪದರಲ್ಲಿ ಉಳಿದಿತ್ತು.

ಈಗ ಅವಳು ಹಾಳುಬಾವಿಯ ತಿರುವಿಗೆ ಬಂದಿದ್ದಳು. ಆನೆಗಳು ಕೆರೆ ದಾರಿ ಹಿಡಿದಿವೆ ಎಂದು ರೇವಣ್ಣ ಆಗಷ್ಟೇ ಹೇಳಿದ್ದ. ಅದೇ ದಾರಿಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದರು ಅವಳ ತೋಟದ ಆಳುಗಳು ಸುಬ್ಬ, ಮುತ್ತಿ, ಬೀಪಾತು. ಮೂವರಿಗೂ ಒಂದೇ ಸೆಟ್. ಅದು ಸುಬ್ಬನ ಹತ್ತಿರ.

ಗುಂಡಿ ಒತ್ತಿದಳು. ಟಿಕ್.

"ಚಾನೆಲ್ ಖಾಲಿ ಇದೆಯಾ?"

ಕರ್ರ್... ಆಮೇಲೆ ಒಂದು ಉಸಿರು.

"ಖಾಲಿ ಇಲ್ಲ."

ಅರೆಕ್ಷಣ ಬಿಟ್ಟು, ಅದೇ ಮಾತು ಬಾವಿಯ ಒಳಗಿಂದ ಬಂತು... "ಖಾಲಿ ಇಲ್ಲ."

ಸುಮಿತ್ರಮ್ಮ ಬಾವಿಯ ಕಡೆ ತಿರುಗಿ ಮತ್ತೆ ಗುಂಡಿ ಒತ್ತಿದಳು.

"ಯಾರಮ್ಮಾ ನೀನು? ಲೈಸೆನ್ಸ್ ಇದೆಯಾ?"

"ನಾನು ಮೊದಲಿಂದ ಇಲ್ಲೇ ಇರೋಳು."

"ಇದ್ದರೆ ಇರು. ನಂಗೆ ಸರ್ಕಾರ ಬರೆದುಕೊಟ್ಟಿದೆ. ನಿಂಗೆ ಯಾರು ಬರೆದುಕೊಟ್ಟರು?"

"ಕಾಯ್ತಿರು..."

"ಎರಡು ರಾತ್ರಿ ಕಾದೆ, ಗೋಡೆ ಬಿತ್ತು. ಜೀವದ ಮಾತು ಬಂದಾಗ ಯಾರಿದ್ದರೂ ದಾರಿ ಬಿಡಬೇಕು. ಅದೂ ನಿಯಮವೇ. ಸತ್ತೋರಿಗೂ ಅದೇ. ಬಾವಿ ಬೇಕಾದರೆ ಇಟ್ಕೋ. ಚಾನೆಲ್ ಬಿಡು."

ಬಾವಿಯಲ್ಲಿ ಗುಳುಂ... ಎಂದಿತು. ಕರ್ರ್ ಸದ್ದು ನಿಂತಿತು.

"ಸುಬ್ಬಾ, ಕೆರೆ ದಾರಿ ಬೇಡ. ಮೇಲಿನ ರಸ್ತೆ ಹಿಡಿ." ಮೂರು ಸಲ ಹೇಳಿದಳು. ಉತ್ತರವಿಲ್ಲ. ನಡುವೆ ಗುಡ್ಡ.

ಆಗ ಪಿಸುದನಿ, ಕಿವಿಯ ಹತ್ತಿರವೇ.

"ಅವನಿಗೆ ನಿನ್ನ ಮಾತು ಮುಟ್ಟಲ್ಲ... ನಾನು ದಾಟಿಸ್ಲಾ?"

"ದಾಟಿಸು. ಒಂದಕ್ಷರ ಬಿಡಬೇಡ. ಆದರೆ ನಾಳೆ ಏಳಕ್ಕೆ ಈ ಚಾನೆಲ್ ನನಗೆ ಬೇಕು. ಈಗಲೇ ಹೇಳಿದ್ದೀನಿ."

ಟಿಕ್.

ಎಂಟಕ್ಕೆ ಮೂವರೂ ಮೇಲಿನ ರಸ್ತೆಯಿಂದ ಅಂಗಳಕ್ಕೆ ಬಂದರು. ಕೆರೆ ಕಡೆಯಿಂದ ಆನೆ ಘೀಳಿಟ್ಟದ್ದು ಆಗ ಎಲ್ಲರಿಗೂ ಕೇಳಿತು.

"ಯಾರಮ್ಮ ಆ ಹೆಂಗಸು? ಹೊಸಬರಾ?" ಎಂದ ಸುಬ್ಬ.

ಸುಮಿತ್ರಮ್ಮ ಬಿ.ಎಸ್ಸಿ. ಓದಿದವಳು. ಬಾಯಿಮಾತಿಗೆ ಬಿಡುವವಳಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ, ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಒಂದು ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿಸಿದಳು. ಆ ಪುಸ್ತಕವನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ. ನಂಬದವರು ಹೋಗಿ ಕೇಳಿ, ತೋರಿಸುತ್ತಾಳೆ.

ಒಂದೇ ಸೆಟ್, ಒಂದೇ ಕರೆ. ಸುಬ್ಬ ಅದನ್ನು ತನ್ನ ಮನೆಮಾತು ಅರೆಭಾಷೆಯಲ್ಲಿ ಕೇಳಿದ್ದ. ಮುತ್ತಿ ತಮಿಳಿನಲ್ಲಿ. ಬೀಪಾತು ಮಲಯಾಳದಲ್ಲಿ.